ಮುಟ್ಟಬೇಡಿ ಎಂದು ಬರೆದ ಚೀಟಿ

"ಅದು ನನ್ನ ಬಿಲ್ಲು. ಕೆಳಗಿಡಿ."

ಕೋಚ್ ತಲೆ ಎತ್ತಿದ. ಅವನ ಕೈಯಲ್ಲಿ ಬಣ್ಣ ಹೋದ ಹಳೇ ಮರದ ಬಿಲ್ಲು. ಅದನ್ನು ಕೆಳಗಿಡಲಿಲ್ಲ.

ಎಡಚಿಗೆ ಮೈಯೆಲ್ಲ ಉರಿಯಿತು. ಬಿಲ್ಲುಗಾರಿಕೆ ಕ್ಲಬ್ಬಿನಲ್ಲಿ ಎಡಗೈಯವಳು ಅವಳೊಬ್ಬಳೇ, ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಹೆಸರು. ಅಂದು ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಹಳೇ ಬಿಲ್ಲುಗಳನ್ನೆಲ್ಲ ಉದ್ದನೆಯ ಮೇಜಿನ ಮೇಲೆ ಜೋಡಿಸಿದ್ದರು. ಪ್ರತಿಯೊಬ್ಬರೂ ತಮ್ಮ ಮೊದಲ ಬಿಲ್ಲು ಹಿಡಿದು ನಾಲ್ಕು ಮಾತಾಡಬೇಕು. ದಪ್ಪ ಸೆಕ್ರೆಟರಿ ತನ್ನದನ್ನು ತಬ್ಬಿಕೊಂಡು ಆಗಲೇ ಕಣ್ಣೊರೆಸಿಕೊಂಡಾಗಿತ್ತು.

ಅವಳ ಸಿಟ್ಟು ಬಿಲ್ಲಿಗಷ್ಟೇ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಕೋಚ್ ಆಗಿ ಬಂದು, ಪ್ರತಿ ಭಾನುವಾರ ಅವಳ ಬಿಲ್ಲಿನ ಹೆದೆ ಬಿಗಿದುಕೊಡುವ ಈ ಮನುಷ್ಯ ಮೊನ್ನೆ ಅವಳನ್ನು ಮದುವೆಯಾಗುವ ಮಾತೆತ್ತಿದ್ದ. ಅದೂ ಯಾರ ಹತ್ತಿರ? ಅವಳ ಅಕ್ಕನ ಹತ್ತಿರ!

'ನನ್ನೆದುರು ಬಂದರೆ ಬಾಯಿಗೆ ಬೀಗ... ಜೀವನಪೂರ್ತಿ ಗೋಡೆ ಜೊತೆ ಮಾತಾಡಲಾ?'

ಅವನು ಇಷ್ಟವಿಲ್ಲ ಎಂದೇನಲ್ಲ. ಅದೇ ದೊಡ್ಡ ತಲೆನೋವು. ಸಂಜೆ ಅಕ್ಕನಿಗೆ ಉತ್ತರ ಹೇಳಬೇಕಿತ್ತು. ಬೇಡ ಎಂದೇ ತೀರ್ಮಾನಿಸಿ ಬಂದಿದ್ದಳು.

"ಬಲಗೈಯವರಿಗೆ ಎಡಗೈ ಬಿಲ್ಲು ಯಾಕೆ? ಕೊಡಿ ಇಲ್ಲಿ."

ಕೊಟ್ಟುಬಿಟ್ಟ. ಅವಳು ಎಲ್ಲರ ಮುಂದೆ ನಿಂತು ಶುರು ಮಾಡಿದಳು.

"ಹದಿನಾರು ವರ್ಷದ ಹಿಂದೆ ಎಡಗೈಯವರಿಗೆ ಅಂತ ಇದ್ದಿದ್ದು ಇದೊಂದೇ. ಬೆಳಗ್ಗೆ ನಾನು, ಸಂಜೆ ಬ್ಯಾಚಲ್ಲಿ ಇನ್ಯಾರೋ. ಮುಖ ನೋಡಿಲ್ಲ. ಗುರಿ ನೋಡೋ ಪಿನ್ನನ್ನ ದಿನಾ ತನಗೆ ಬೇಕಾದಷ್ಟು ಕೆಳಗಿಳಿಸಿ ಹೋಗೋದು. ಪಿನ್ನು ಇಳಿದ್ರೆ ಬಾಣ ಮೇಲೆ ಹೋಗುತ್ತೆ, ದಿನಾ ನನ್ನ ಮೊದಲನೇ ಬಾಣ ಗೋಡೆ ದಾಟೋದು."

ಎಲ್ಲರೂ ನಕ್ಕರು.

"ಸೆಲೆಕ್ಷನ್ ಹತ್ತಿರ ಬಂದಾಗ ತಲೆಕೆಟ್ಟು ಚೀಟಿ ಅಂಟಿಸಿದೆ, ದಯವಿಟ್ಟು ಮುಟ್ಟಬೇಡಿ ಅಂತ. ಅವತ್ತಿಂದ ಪಿನ್ನು ಅಲುಗಿಲ್ಲ. ನಾನು ಸೆಲೆಕ್ಟ್ ಆದೆ. ಆ ಪುಣ್ಯಾತ್ಮ ಪತ್ತೇನೇ ಇಲ್ಲ."

"ದಯವಿಟ್ಟು ಅಂತ ಇರಲಿಲ್ಲ," ಎಂದ ಕೋಚ್.

"ಏನಂದ್ರಿ?"

"ಚೀಟೀಲಿ ಬರೀ ಮುಟ್ಟಬೇಡಿ ಅಂತಿತ್ತು. ಕೆಂಪು ಸ್ಕೆಚ್ ಪೆನ್ನಲ್ಲಿ."

ಅವಳು ಬಿಲ್ಲು ಹಿಡಿದೇ ಅವನತ್ತ ತಿರುಗಿದಳು.

"ನೀವಾ...? ನೀವು ಬಲಗೈಯವರಲ್ವಾ?"

"ಆಮೇಲೆ ಆದೆ. ಇನ್ನೊಂದು ಎಡಗೈ ಬಿಲ್ಲು ಇರಲಿಲ್ಲವಲ್ಲ. ಒಂದು ವರ್ಷ ಬಾಣ ಎಲ್ಲೆಲ್ಲೋ ಹೋಗ್ತಿತ್ತು."

"ನಾನು ಬರೆದಿದ್ದು ಒಂದು ವಾರಕ್ಕೆ! ಸೆಲೆಕ್ಷನ್ ಮುಗಿಯೋ ತನಕ!"

"ಚೀಟೀಲಿ ತಾರೀಕು ಇರಲಿಲ್ಲ."

ತಲೆ ಚಚ್ಚಿಕೊಳ್ಳೋಣ ಅನ್ನಿಸಿತು ಅವಳಿಗೆ. ಹದಿನಾರು ವರ್ಷ ಬೈದುಕೊಂಡು ಬಂದದ್ದು ಇವನನ್ನೇ. ಮೊದಲ ಪದಕ ಗೆದ್ದದ್ದು ಇವನು ಬಿಟ್ಟುಕೊಟ್ಟ ಬಿಲ್ಲಿನಲ್ಲಿ. ನಾಚಿಕೆ, ಸಂಕಟ, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಕಣ್ಣು ತುಂಬಿಬಂತು.

"ಎರಡು ವರ್ಷದಿಂದ ವಾರವಾರ ನೋಡ್ತಿದ್ದೀರಲ್ಲ. ಒಂದು ಮಾತು ಹೇಳೋಕಾಗಲಿಲ್ವಾ?"

"ಹೇಳಿದ್ರೆ ಪಾಪ ಅಂತ ಒಪ್ಕೋತೀರೇನೋ ಅಂತ... ಅದಕ್ಕೇ ಅಕ್ಕನ್ನ ಕೇಳಿದೆ. ಬೇಡ ಅನ್ನೋಕೆ ನಿಮಗೆ ಸುಲಭ ಆಗ್ಲಿ ಅಂತ."

"ಬೇಡ ಅಂದಿದ್ರೆ?"

"ಸುಮ್ಮನಾಗ್ತಿದ್ದೆ."

"ಎಷ್ಟು ವರ್ಷ?"

ಇಂಥವರನ್ನು ಪ್ರೀತಿಸುವವರಿಗೆ ತಾಳ್ಮೆಯನ್ನು ದೇವರೇ ಕೊಡಬೇಕು.

ಅವಳು ಮೂಗೊರೆಸಿಕೊಂಡು ಬಿಲ್ಲನ್ನು ಹತ್ತಿರ ಎಳೆದುಕೊಂಡಳು. ಪಿನ್ನಿಗೆಂದು ಅವಳು ಆಗ ಹಾಕಿದ್ದ ಕೆಂಪು ಗುರುತಿನ ಕೆಳಗೆ ಅವನ ಮಾಸಿದ ಪೆನ್ಸಿಲ್ ಗೆರೆಯೊಂದಿತ್ತು. ತುಕ್ಕು ಹಿಡಿದ ಪಿನ್ನನ್ನು ಕಷ್ಟಪಟ್ಟು ಅಲ್ಲಿಗೆ ಇಳಿಸಿ, ಬಿಲ್ಲನ್ನು ಅವನ ಬಲಗೈಗಿಟ್ಟಳು. ಎಡಗೈಯಿಂದ ಹೆದೆ ಎಳೆಯುವವರು ಬಿಲ್ಲು ಹಿಡಿಯುವುದು ಆ ಕೈಯಲ್ಲೇ.

"ಅಕ್ಕನ್ನ ಕೇಳಿದ್ದನ್ನ ಈಗ ನನ್ನ ಕೇಳಿ. ಬಾಯಿಬಿಟ್ಟು."

ಸೆಕ್ರೆಟರಿ ಮತ್ತೆ ಕರವಸ್ತ್ರ ತೆಗೆದ.

"ನನ್ನ... ಮದುವೆ ಆಗ್ತೀರಾ?"

"ಆಗ್ತೀನಿ. ತಾರೀಕು ಹಾಕಿ ಬರೆದುಕೊಡ್ತೀನಿ. ನಿಮ್ಮನ್ನ ನಂಬೋ ಹಾಗಿಲ್ಲ."

ಅವನು ಬಿಲ್ಲನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ.

"ಕೆಂಪು ಪೆನ್ನಲ್ಲೇ ಬರೀರಿ," ಎಂದ.