ರಿಜಿಸ್ಟರ್ ಬರುವ ತನಕ

"ಈ ಮೊಳೆಗೇ ನೇತಾಕಿದ್ನಲ್ಲಾ, ಎಲ್ಲಿಗೋಯ್ತು ಕಾರ್ಡು?"

ಅಮ್ಮ ದಿಂಬು ಎತ್ತಿ ನೋಡಿದಳು. ಟಿವಿ ಹಿಂದೆ ಕೈ ಹಾಕಿದಳು. ಅಜ್ಜಿ ಬೆಟ್ಟಮ್ಮನ ಎಲೆಅಡಿಕೆ ಚೀಲವನ್ನೂ ಬಿಡಲಿಲ್ಲ. ಐದನೇ ಕ್ಲಾಸಿನ ಚಂದನ ಮಾತ್ರ ಬಾಗಿಲ ಬಳಿ ಕೂತು, ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಕಾರ್ಡು ಅವಳ ಬ್ಯಾಗಿನಲ್ಲೇ, ಗಣಿತದ ಪುಸ್ತಕದ ಒಳಗಿತ್ತು.

ಅದು ಫ್ಯಾಕ್ಟರಿಯ ಐಡಿ ಕಾರ್ಡು. ಚಂದನಳ ಅಮ್ಮ ಶ್ವೇತ ಮಳವಳ್ಳಿಯ ಆಚೆ ಇರುವ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎಂಟು ವರ್ಷದಿಂದ ಶರ್ಟುಗಳಿಗೆ ಕಾಲರ್ ಕೂರಿಸುವುದೇ ಅವಳ ಕೆಲಸ. ಎರಡು ತಿಂಗಳ ಹಿಂದೆ ಆರ್ಡರ್ ಕಮ್ಮಿಯಾಯಿತು ಅಂತ ವಾರಕ್ಕೆ ಆರು ದಿನದ ಕೆಲಸ ಮೂರು ದಿನಕ್ಕೆ ಇಳಿಯಿತು. ಈಗ ಹದಿನೈದು ದಿನದಿಂದ ಅದೂ ಇಲ್ಲ. ಇವರ ಊರು ಕಿರುಗಾವಲಿಗೆ ಬರುತ್ತಿದ್ದ ಕಂಪನಿ ವ್ಯಾನೂ ನಿಂತುಹೋಗಿದೆ.

ಆದರೂ ಅಮ್ಮ ದಿನಾ ಬೆಳಗ್ಗೆ ತಲೆ ಬಾಚಿಕೊಂಡು, ಸರ್ಕಾರಿ ಬಸ್ಸು ಹತ್ತಿ ಅಲ್ಲಿಗೇ ಹೋಗುತ್ತಾಳೆ. ಯಾಕೆ ಅಂತ ಕೇಳಿದರೆ, "ನಿಂಗದೆಲ್ಲ ಗೊತ್ತಾಗಕಿಲ್ಲ, ಓದ್ಕೋ ಓಗು" ಅನ್ನುತ್ತಾಳೆ. ದೊಡ್ಡವರು ಹಾಗಂದರೆ ಯಾರಿಗೆ ತಾನೇ ಓದುವ ಮನಸ್ಸು ಬರುತ್ತದೆ?

ಗುಟ್ಟು ಹೇಳಿದವನು ಕ್ಲಾಸ್‌ಮೇಟ್ ಅಕೀಲ್. "ನಿಮ್ಮಮ್ಮ ಅಲ್ಲಿ ಮರದ ಕೆಳಗೆ ಸುಮ್ನೆ ಕೂತಿರ್ತದೆ ಕಣೇ. ನಮ್ಮಪ್ಪನ ಪಂಕ್ಚರ್ ಅಂಗಡಿ ಎದುರುಗಡೇನೇ ಐತಲ್ಲ, ದಿನಾ ನೋಡ್ತದೆ."

ಚಂದನಳಿಗೆ ಮೈಯೆಲ್ಲಾ ಉರಿಯಿತು. ಸುಮ್ಮನೆ ಕೂರುವುದಕ್ಕೆ ಅಮ್ಮನಿಗೆ ಹೊತ್ತಿದೆ, ಇವತ್ತಿನ ಶಾಲೆಯ ಎಕ್ಸಿಬಿಷನ್‌ಗೆ ಬರುವುದಕ್ಕೆ ಮಾತ್ರ ಇಲ್ಲ. ಅವಳೂ ಅಕೀಲನೂ ಸೇರಿ ಥರ್ಮಾಕೋಲಿನಲ್ಲಿ, ಜಲಪಾತದ ನೀರಿನಿಂದ ಕರೆಂಟು ತೆಗೆಯುವ ಬ್ಲಫ್‌ನ ಪವರ್ ಹೌಸ್ ಮಾಡಿದ್ದರು. ಮೇಲಿಂದ ನೀರು ಸುರಿದರೆ ಚಕ್ರ ತಿರುಗಿ, ಪುಟ್ಟ ಬಲ್ಬು ಹತ್ತುತ್ತಿತ್ತು. "ಒಂದೇ ದಿನ ಬಾಮ್ಮ" ಅಂತ ವಾರವೆಲ್ಲಾ ಗೋಗರೆದರೂ ಅಮ್ಮ ಬಗ್ಗಲಿಲ್ಲ. ಅದಕ್ಕೇ ಈ ಉಪಾಯ. ಕಾರ್ಡು ಸಿಗದಿದ್ದರೆ ಅಮ್ಮ ಮನೆಯಲ್ಲಿ ಉಳಿಯುತ್ತಾಳೆ, ಮನೆಯಲ್ಲಿ ಉಳಿದರೆ ಶಾಲೆಗೆ ಬರುತ್ತಾಳೆ. ಲೆಕ್ಕವೇನೋ ಸರಿಯಾಗಿಯೇ ಇತ್ತು.

ಆದರೆ ಅಮ್ಮ ಹುಡುಕುವುದನ್ನು ಬಿಟ್ಟು ಚಪ್ಪಲಿ ಮೆಟ್ಟಿದಳು. "ಕಾರ್ಡಿಲ್ದೆ ಸೈನ್ ಹಾಕಕ್ಕೆ ಬುಡ್ದೆ ಓದ್ರೆ ಏನತ್ತೆ ಮಾಡದು? ಒಂದಿನ ತಪ್ಪುದ್ರೂ ಮುಗೀತು ಕಣತ್ತೆ." ಕಣ್ಣೊರೆಸಿಕೊಂಡು ಸರಸರನೆ ಹೊರಟೇಬಿಟ್ಟಳು.

ಅಮ್ಮನ ಕಣ್ಣೀರು ಕಂಡದ್ದೇ ಚಂದನ ಬ್ಯಾಗು ಹೆಗಲಿಗೇರಿಸಿ ಓಡಿದಳು. ಬಸ್ಸು ಹೊರಡುವುದರಲ್ಲಿತ್ತು. ಹತ್ತಿ, ಅಮ್ಮನ ಪಕ್ಕ ಕೂತು, ಪುಸ್ತಕದೊಳಗಿಂದ ಕಾರ್ಡು ತೆಗೆದು ಅವಳ ಮಡಿಲಲ್ಲಿಟ್ಟಳು.

ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಬಸ್ಸು ಆಗಲೇ ಊರು ದಾಟಿತ್ತು. "ಅಲ್ಲಿ ನಾನೇನ್ ಮಾಡ್ತೀನಿ ಅಂತಿದ್ದಲ್ಲ, ಬಾ, ನೋಡೀವಂತೆ" ಅಂದು ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಳು.

ಅಕೀಲ್ ಸುಳ್ಳು ಹೇಳಿರಲಿಲ್ಲ. ಫ್ಯಾಕ್ಟರಿಯ ಗೇಟು ಮುಚ್ಚಿತ್ತು. ಎದುರಿನ ಹೊಂಗೆ ಮರದ ಕೆಳಗೆ ಮೂವತ್ತು ಮಂದಿ ಹೆಂಗಸರು ಕೂತಿದ್ದರು. ಒಬ್ಬರು ಅವರೆಕಾಯಿ ಸುಲಿಯುತ್ತಿದ್ದರು, ಇನ್ನೊಬ್ಬರು ಮಗುವಿನ ಸ್ವೆಟರ್ ಹೆಣೆಯುತ್ತಿದ್ದರು. ಚಂದನ ಅಮ್ಮನ ಪಕ್ಕದ ಮೆಷಿನ್ನಿನ ಮೆಹರುನ್ನೀಸಾ ಹತ್ತಿರ ಹೋಗಿ ಕೂತಳು.

"ಕೆಲಸಾನೇ ಇಲ್ವಲ್ಲ ಆಂಟಿ, ಯಾಕೆ ಬರ್ತೀರಿ?"

"ಇಲ್ಲ ಅಂದಿರೋದು ಅವರು, ನಾವಲ್ಲ. ಅವರು ಕೆಲಸ ಕೊಡದೇ ಇರೋ ದಿನಕ್ಕೂ ಅರ್ಧ ಸಂಬಳ ಕೊಡ್ಬೇಕು ಅಂತ ಕಾನೂನಿದೆ. ಆದ್ರೆ ನಾವು ದಿನಾ ಬಂದು, ಕೆಲಸಕ್ಕೆ ರೆಡಿ ಇದೀವಿ ಅಂತ ಸೈನ್ ಹಾಕ್ಬೇಕು."

"ಬರದೇ ಇದ್ರೆ?"

"ಇವಳೇ ಕೆಲಸ ಬಿಟ್ಟೋದ್ಲು ಅಂತ ಬರ್ಕೋತಾರೆ. ಅವರೇ ತೆಗೀಬೇಕು ಅಂದ್ರೆ ಮುಂಚೆ ನೋಟಿಸ್ ಕೊಡ್ಬೇಕು, ಇಷ್ಟು ವರ್ಷ ದುಡಿದಿದ್ದಕ್ಕೆ ಪರಿಹಾರ ಕೊಡ್ಬೇಕು. ನಾವಾಗೇ ಬಿಟ್ಟೋದ್ರೆ ಅವರಿಗೆ ಯಾವ ತಾಪತ್ರಯಾನೂ ಇಲ್ಲ ನೋಡು."

"ಹಂಗೆ ಯಾರಾದ್ರೂ ಮನೇಲಿ ಉಳ್ಕೋತಾರಾ?"

ಮೆಹರುನ್ನೀಸಾ ಕೊನೆಯಲ್ಲಿ ಒಬ್ಬಳೇ ಕೂತಿದ್ದ ಪ್ರಿಯಾಂಕ ಅಕ್ಕನನ್ನು ಗದ್ದದಲ್ಲೇ ತೋರಿಸಿದಳು. "ಆಫೀಸಿನ ಜಯಪ್ರಕಾಶ್ ಸಾರ್, 'ಬಸ್ಸಲ್ಲಿ ಯಾಕಮ್ಮ ಒದ್ದಾಡ್ತೀಯ, ಮನೇಲಿರು, ಫೋನ್ ಮಾಡ್ತೀವಿ' ಅಂದ್ರು. ಪಾಪ, ನಂಬ್ಕೊಂಡು ನಾಲ್ಕು ದಿನ ಮನೇಲಿದ್ಲು. ಐದನೇ ದಿನ ಬಂದ್ರೆ ರಿಜಿಸ್ಟರಲ್ಲಿ ಹೆಸರೇ ಇಲ್ಲ. ಈಗ ಲೇಬರ್ ಆಫೀಸಿಗೆ ಅರ್ಜಿ ಹಾಕಿ ಅಲೀತಾವ್ಳೆ, ಇಲ್ಲಿಗೂ ದಿನಾ ಬಂದು ಕೂರ್ತಾಳೆ."

"ಸಾರೇ ಹೇಳಿದ್ರಲ್ಲ ಆಂಟಿ, ಮನೇಲಿರು ಅಂತ."

"ಬಾಯಲ್ಲಿ ಹೇಳಿದ್ರು. ಬರ್ದು ಕೊಡಿ ಸಾರ್ ಅಂದ್ರೆ ಕೊಡಲ್ಲ."

ಚಂದನಳಿಗೆ ಗಣಿತದ ಪುಸ್ತಕ ನೆನಪಾಯಿತು. ಬೆಳಗ್ಗೆ ತಾನು ಓಡಿ ಬರದಿದ್ದರೆ ಅಂತ ಯೋಚಿಸುವುದಕ್ಕೂ ಭಯವಾಯಿತು.

ಒಂಬತ್ತೂವರೆಗೆ ಗೇಟಿನ ಚಿಕ್ಕ ಬಾಗಿಲು ತೆರೆದು ಜಯಪ್ರಕಾಶ್ ಹೊರಗೆ ಬಂದರು. ಕೆಟ್ಟ ಮನುಷ್ಯ ಅಂದರೆ ಮೀಸೆ ಗೀಸೆ ಇರುತ್ತದೆ ಅಂದುಕೊಂಡಿದ್ದಳು ಚಂದನ. ಇವರು ನಗುಮುಖದವರು.

"ರಿಜಿಸ್ಟರ್ ಇವತ್ತು ಹನ್ನೊಂದಕ್ಕೆ ಬರುತ್ತೆ. ಸುಮ್ನೆ ಯಾಕೆ ಕಾಯ್ತೀರಿ, ಹೋಗೋರು ಹೋಗಿ" ಅಂದರು. ಆಮೇಲೆ ಯೂನಿಫಾರಂ ನೋಡಿ ಹತ್ತಿರ ಬಂದರು. "ಸ್ಕೂಲಿಲ್ವಾ ಪುಟ್ಟಿ?"

"ಇದೆ ಸಾರ್. ಇವತ್ತು ಎಕ್ಸಿಬಿಷನ್ನು."

"ಅಯ್ಯೋ, ಶ್ವೇತ, ಕರ್ಕೊಂಡು ಹೋಗಮ್ಮ. ಮಕ್ಕಳಿಗಿಂತ ಹೆಚ್ಚಾ ಇದು? ಒಂದಿನ ತಾನೇ, ನಾನು ನೋಡ್ಕೋತೀನಿ." ಅವರು ಚಂದನಳ ತಲೆ ಸವರಿದರು. ಆ ದನಿ ನಿಜವಾಗಿಯೂ ತುಂಬಾ ಒಳ್ಳೆಯದಾಗಿತ್ತು.

ಅಮ್ಮ ಮಗಳ ಮುಖ ನೋಡಿದಳು. ನೆಲಕ್ಕೆ ಕೈಯೂರಿ ಅರ್ಧ ಎದ್ದಳು. "ಈಗೊಂದು ಬಸ್ಸದೆ. ಬಿರ್ರನೆ ಓದ್ರೆ ಸಿಕ್ತದೆ."

ವಾರವೆಲ್ಲಾ ಬೇಡಿದ್ದು ಕೈಗೇ ಬಂದಿತ್ತು. ಶಾಲೆಯಲ್ಲಿ ಈಗ ಅಕೀಲ್ ಬಕೆಟ್ಟಿಗೆ ನೀರು ತುಂಬಿಸುತ್ತಿರುತ್ತಾನೆ. ಚಂದನಳ ಕಣ್ಣು ತುಂಬಿ ಬಂತು. ಆ ಕೊನೆಯಲ್ಲಿ ಪ್ರಿಯಾಂಕ ಅಕ್ಕ ಇವರಿಬ್ಬರನ್ನೇ ನೋಡುತ್ತಿದ್ದಳು.

ಚಂದನ ಅಮ್ಮನ ಸೆರಗು ಹಿಡಿದು ಕೆಳಕ್ಕೆ ಎಳೆದಳು.

"ಕೂತ್ಕೋಮ್ಮ. ಸೈನ್ ಹಾಕ್ಬುಟ್ಟೇ ಓಗವ."

ಬ್ಯಾಗನ್ನು ನೆಲಕ್ಕಿಟ್ಟು, ಅಮ್ಮನಿಗೆ ಒತ್ತಿಕೊಂಡು, ತಾನೂ ಗೇಟಿನ ಕಡೆ ಮುಖ ಮಾಡಿ ಕೂತಳು. ಹನ್ನೊಂದಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು.