ಅಜ್ಜಿಯ ಅಂಗೈ ಕೆಳಗೆ

“ಅಜ್ಜೀ, ಆಯ್ತಾ?”

ಅಜ್ಜಿ ಮಾತಾಡಲಿಲ್ಲ. ಎಡ ಹುಬ್ಬನ್ನು ಸ್ವಲ್ಪ ಮೇಲೆತ್ತಿದಳು, ಅಷ್ಟೆ. ಇನ್ನೂ ಆಗಿಲ್ಲ ಎಂದು ಅದರ ಅರ್ಥ. ಲಿಂಗ ಅಂಗೈಯಲ್ಲಿ ಇರುವಷ್ಟು ಹೊತ್ತು ಅಜ್ಜಿಯ ಬಾಯಿಗೆ ಬೀಗ. ಹುಬ್ಬಿಗೆ ಮಾತ್ರ ಮಾತಾಡಲು ಬಿಡುವು.

ದಾಕ್ಷಿ ಕೂತಲ್ಲೇ ಕಾಲ್ಬೆರಳು ಕುಣಿಸಿದಳು. ಅವಳ ಎರಡೂ ಕೈ ಅಜ್ಜಿಯ ಎಡಗೈಗೆ ಆಸರೆಯಾಗಿದ್ದವು. ಅಜ್ಜಿಯ ಅಂಗೈ ಮೇಲೆ ಕಪ್ಪಗೆ ಹೊಳೆಯುವ ಇಷ್ಟಲಿಂಗ, ಅದರ ಪಕ್ಕ ಒಂದು ಬಿಲ್ವಪತ್ರೆ.

ಜಗದಾಂಬಜ್ಜಿ ದೇವಸಮುದ್ರದ ತಂಗಿಯ ಮನೆಗೆ ಹೋದವಳು ಬಸ್ಸಿಳಿಯುವಾಗ ಮುಗ್ಗರಿಸಿ ಬಿದ್ದು ಎಡಗೈ ಮುರಿದುಕೊಂಡಿದ್ದಳು. ಪಟ್ಟಿ ಬಿಚ್ಚಿ ಆಗಿತ್ತು, ಆದರೆ ಕೈಗೆ ಬಲ ಬಂದಿರಲಿಲ್ಲ. ಲಿಂಗ ಹಿಡಿದು ಸ್ವಲ್ಪ ಹೊತ್ತಾದರೆ ಸಾಕು, ಕೈ ನಡುಗುತ್ತಿತ್ತು. ಲಿಂಗ ಜಾರಿ ನೆಲಕ್ಕೆ ಬಿದ್ದರೆ? ಹಾಗೆಂದು ನೆನೆದರೇ ಅಜ್ಜಿಗೆ ಎದೆ ಧಸಕ್ಕೆನ್ನುತ್ತಿತ್ತು.

“ಬಲಗೈಲಿ ಇಟ್ಕೋಬಾರ್ದಾ ಅಜ್ಜಿ?” ಎಂದು ದಾಕ್ಷಿ ಮೊದಲ ದಿನವೇ ಕೇಳಿದ್ದಳು.

“ಬಲಗೈ ಇರೋದು ಪೂಜೆ ಮಾಡೋಕೆ ಬಂಗಾರು. ಶಿವ ಕೂರೋದು ಎಡಗೈಲಿ.”

ಅಪ್ಪ ನಸುಕಿನಲ್ಲೇ ಎದ್ದು ಮನೆ ಹಿಂದಿನ ಎಣ್ಣೆ ಮಿಲ್ಲಿಗೆ ಹೋಗುತ್ತಿದ್ದ. ಅವ್ವನ ಕೈ ರೊಟ್ಟಿ ಹಿಟ್ಟಿನಲ್ಲಿ ಇರುತ್ತಿತ್ತು. ಹಾಗಾಗಿ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಆಸರೆ ಕೊಡುವ ಕೆಲಸ ದಾಕ್ಷಿಯ ಪಾಲಿಗೆ ಬಂತು. ಬೇಗ ಮುಗಿಸೋಣವೆಂದರೆ ಅದೂ ಇಲ್ಲ. ಕಿಟಕಿಗೆ ಬಿಸಿಲು ಬಂದ ಮೇಲೆಯೇ ಅಜ್ಜಿ ಪೂಜೆಗೆ ಕೂರುವುದು.

ದಾಕ್ಷಿಗೋ ಉಸಿರಾಡಲು ಪುರುಸೊತ್ತಿಲ್ಲ. ಸ್ಕೂಲು, ಟ್ಯೂಷನ್, ಅಬಾಕಸ್, ಹಿಂದಿ ಪರೀಕ್ಷೆ. ಈಗ ಅದರ ಮೇಲೆ ಸ್ಕೂಲ್ ಡೇ ಡ್ಯಾನ್ಸ್ ಬೇರೆ! ಸುಮ್ಮನೆ ಕೂತರೆ ಎಲ್ಲೋ ಏನೋ ತನ್ನನ್ನು ಬಿಟ್ಟು ನಡೆದುಹೋಗುತ್ತಿದೆ ಎಂದು ಅವಳಿಗೆ ಚಡಪಡಿಕೆ. ಪೂಜೆಯ ಹೊತ್ತಿನಲ್ಲೂ ಅವಳ ತಲೆಯೊಳಗೆ ಡ್ಯಾನ್ಸ್ ನಡೆಯುತ್ತಲೇ ಇತ್ತು.

ಹೊರಗೆ ವ್ಯಾನಿನ ಹಾರ್ನ್ ಕೂಗಿತು. “ಜಲ್ದಿ ಬಾರಮ್ಮಾ ದಾಕ್ಷಿ!” ಎಂದು ಡ್ರೈವರ್ ಮಲ್ಲಿಕ್ ಅಣ್ಣನ ದನಿ.

ಅಜ್ಜಿ ಅವಸರವಸರವಾಗಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಬೆಳ್ಳಿಯ ಕರಡಿಗೆಯಲ್ಲಿಟ್ಟಳು. ದಾಕ್ಷಿ ಆಗಲೇ ಹೊಸ್ತಿಲು ದಾಟಿದ್ದಳು.

ಎಷ್ಟು ಓಡಿದರೇನು, ಪ್ರಾಕ್ಟೀಸ್ ಶುರುವಾಗಿಯೇ ಹೋಗಿತ್ತು. ಗೀತಾ ಮಿಸ್ ಮುಖ ಗಂಟಿಕ್ಕಿಕೊಂಡರು. “ದಾಕ್ಷಾಯಿಣಿ, ಇನ್ನೊಂದು ಸಲ ಲೇಟಾದ್ರೆ ಹಿಂದಿನ ಸಾಲಿಗೆ ಹಾಕ್ತೀನಿ.”

ಮುಂದಿನ ಸಾಲು, ಅದರಲ್ಲೂ ನಟ್ಟನಡುವಿನ ಜಾಗ! ಅದನ್ನು ಬಿಟ್ಟುಕೊಡುವುದುಂಟೇ? ದಾಕ್ಷಿ ಸಂಜೆಯೆಲ್ಲ ತಲೆ ಕೆಡಿಸಿಕೊಂಡು ಒಂದು ಉಪಾಯ ಹುಡುಕಿದಳು. ಸ್ಟೂಲಿನ ಮೇಲೆ ದಪ್ಪನೆಯ ಡಿಕ್ಷನರಿ, ಡಿಕ್ಷನರಿ ಮೇಲೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯ ಮೇಲೆ ಒಗೆದು ಮಡಿಸಿದ ಟವೆಲ್ಲು.

“ನೋಡಜ್ಜಿ, ಸ್ಟ್ಯಾಂಡ್! ಇದರ ಮೇಲೆ ಕೈ ಇಟ್ಕೊಂಡ್ರೆ ಆಯ್ತು. ನಾನು ಬೇಕಾಗೇ ಇಲ್ಲ!”

ಅಜ್ಜಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. “ಇಂಜಿನಿಯರ್ ಆಗ್ತೀಯ ಬಿಡು! ಆಗ್ಲಿ, ಹೋಗಿ ಕುಣಿ.”

ಮಾರನೆಯ ದಿನ ದಾಕ್ಷಿ ಎಲ್ಲರಿಗಿಂತ ಮೊದಲು ಪ್ರಾಕ್ಟೀಸಿಗೆ ಹಾಜರು. ಅದರ ಮರುದಿನವೂ ಹಾಗೆಯೇ. ಮಿಸ್ “ವೆರಿ ಗುಡ್” ಎಂದರು. ದಾಕ್ಷಿ ಉಬ್ಬಿಹೋದಳು.

ಶುಕ್ರವಾರ ವ್ಯಾನ್ ಹತ್ತಿದ ಮೇಲೆ ನೆನಪಾಯಿತು, ಗೆಜ್ಜೆ ಮನೆಯಲ್ಲೇ ಉಳಿದಿದೆ. “ಒಂದೇ ನಿಮಿಷ ಮಲ್ಲಿಕ್ ಅಣ್ಣಾ!” ಎಂದು ಕೂಗಿ ಒಳಗೆ ಓಡಿದಳು.

ಗೆಜ್ಜೆ ಎತ್ತಿಕೊಂಡು ಹೊರಡುವಾಗ ದೇವರ ಕೋಣೆಯ ಬಾಗಿಲಲ್ಲಿ ಅವಳ ಕಾಲು ಗಕ್ಕನೆ ನಿಂತಿತು.

ಸ್ಟ್ಯಾಂಡು ಅತ್ತಿತ್ತ ವಾಲುತ್ತಿತ್ತು. ಅಜ್ಜಿ ಎಡಗೈಯನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಕಣ್ಣು ಲಿಂಗದ ಮೇಲಿರಲಿಲ್ಲ. ಬಿಸ್ಕತ್ತಿನ ಡಬ್ಬಿ ಎಲ್ಲಿ ಜಾರೀತೋ ಎಂದು ಅದನ್ನೇ ನೋಡುತ್ತಿದ್ದಳು.

ಅವ್ವ ಅಡುಗೆಮನೆಯಿಂದ ಬಂದು ಪಿಸುಗುಟ್ಟಿದಳು. “ದಿನಾ ಹಿಂಗೇ ಆಗ್ತೈತೆ. ಮನಸ್ಸು ನಿಲ್ಲಲಿಲ್ಲ ಅಂತ ಮತ್ತೆ ಮತ್ತೆ ಕೂರ್ತಾರೆ. ಪೂಜೆ ಮುಗೀದೆ ಒಂದು ಗುಟುಕು ಟೀನೂ ಕುಡಿಯಲ್ಲ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳ್ಬ್ಯಾಡ ಅಂದಿದ್ರು. ಹುಡುಗಿ ಆಸೆಪಟ್ಟು ಕುಣೀತಾಳೆ, ಕುಣೀಲಿ ಅಂತ.”

ಹಾರ್ನ್ ಮತ್ತೆ ಕೂಗಿತು. ದಾಕ್ಷಿ ಕೈಯಲ್ಲಿದ್ದ ಗೆಜ್ಜೆ ನೋಡಿದಳು, ಅಜ್ಜಿಯ ಕೈ ನೋಡಿದಳು. ಮುಂದಿನ ಸಾಲಿನ ಆ ಜಾಗ ಕಣ್ಣಿಗೆ ಕಟ್ಟಿತು. ಅವಳಿಗೆ ಅಳುವೇ ಬಂದಂತಾಯಿತು. ಹೊರಗೆ ಹೋಗಿ ವ್ಯಾನಿನ ಕಿಟಕಿಯಲ್ಲಿ ಗೆಳತಿ ದಿವ್ಯಾಳ ಕೈಗೆ ಗೆಜ್ಜೆ ಕೊಟ್ಟಳು.

“ನಾನು ಆಮೇಲೆ ಅಪ್ಪನ ಬೈಕಲ್ಲಿ ಬರ್ತೀನಿ. ಮಿಸ್‌ಗೆ ಹೇಳು.”

“ಹಿಂದಿನ ಸಾಲಿಗೆ ಹಾಕ್ತಾರೆ ಕಣೇ!”

“ಹಾಕ್ಲಿ ಬಿಡು” ಎಂದಳು ದಾಕ್ಷಿ.

ಕೈಕಾಲು ತೊಳೆದು ಬಂದು, ಅಜ್ಜಿಯ ಕೈ ಕೆಳಗೆ ತನ್ನ ಕೈ ಸೇರಿಸಿ, ಡಬ್ಬಿಯನ್ನು ಮೊಣಕೈಯಿಂದ ಆಚೆ ತಳ್ಳಿದಳು. ಅಜ್ಜಿಯ ಹುಬ್ಬು ಎರಡೂ ಮೇಲಕ್ಕೆ ಹೋದವು. ಅದು ಬೈಗುಳವೋ ಖುಷಿಯೋ ದಾಕ್ಷಿಗೆ ತಿಳಿಯಲಿಲ್ಲ.

ಕೈ ಇನ್ನೂ ನಡುಗುತ್ತಿತ್ತು. ಬಿಲ್ವಪತ್ರೆಯೂ ಅದರ ಜೊತೆ ಅಲುಗುತ್ತಿತ್ತು. ಅಯ್ಯೋ ಪಾಪ ಅಜ್ಜಿ, ಎಂದುಕೊಂಡಳು. ಆಮೇಲೆ ಅವಳ ಕಣ್ಣು ತನ್ನ ಕಾಲಿನ ಮೇಲೆ ಬಿತ್ತು. ಕಾಲ್ಬೆರಳು ತನ್ನ ಪಾಡಿಗೆ ತಾಳ ಹಾಕುತ್ತಿತ್ತು! ಬೆರಳನ್ನು ನಿಲ್ಲಿಸಿದಳು. ಎಲೆಯ ಅಲುಗಾಟ ಕಡಿಮೆಯಾಯಿತು. ಬಿಗಿದಿದ್ದ ಭುಜ ಸಡಿಲ ಬಿಟ್ಟಳು. ಎಲೆ ನಿಂತೇಬಿಟ್ಟಿತು.

ಇಷ್ಟು ದಿನ ನಡುಗುತ್ತಿದ್ದದ್ದು ಅಜ್ಜಿಯ ಕೈ ಒಂದೇ ಅಲ್ಲ, ತನ್ನದೂ ಕೂಡ! ದಾಕ್ಷಿಗೆ ಕಿಸಕ್ಕನೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡಳು.

ವ್ಯಾನು ಹೋಗಿ ಆಗಿತ್ತು. ಇನ್ನು ಓಡುವಂಥದ್ದೇನೂ ಇರಲಿಲ್ಲ. ಹಿಂದಿನಿಂದ ಮಿಲ್ಲಿನ ಬೆಲ್ಟು ತಿರುಗುವ ಸದ್ದು ಕೇಳಿಸಿತು. ಕಡಲೆಕಾಯಿ ಹಿಂಡಿಯ ವಾಸನೆ ತೇಲಿಬಂತು. ಕಿಟಕಿಯ ಬಿಸಿಲು ಲಿಂಗದ ಮೇಲೆ ಬಿದ್ದು, ಸಾಸಿವೆ ಕಾಳಿನಷ್ಟು ಒಂದು ಬೆಳಕು ಅಲ್ಲಿ ಕೂತಿತ್ತು. ದಾಕ್ಷಿ ಅದನ್ನೇ ನೋಡಿದಳು.

ದೇವರ ಮುಂದೆ ನಿಂತಾಗಲೆಲ್ಲ ಅವಳ ಹತ್ತಿರ ಬೇಡಿಕೆಗಳ ರಾಶಿಯೇ ಇರುತ್ತಿತ್ತು. ಮಾರ್ಕ್ಸು, ಸೈಕಲ್ಲು, ಮುಂದಿನ ಸಾಲು. ಇವತ್ತು ಒಂದೂ ನೆನಪಾಗಲಿಲ್ಲ. ಶಿವನೂ ಅವಳನ್ನು ಏನೂ ಕೇಳಲಿಲ್ಲ. ಇಬ್ಬರೂ ಸುಮ್ಮನೆ ಕೂತಿದ್ದರು. ಹಾಗೆ ಕೂತಿರುವುದು ಬಹಳ ಹಿತವಾಗಿತ್ತು.

“ಆಯ್ತು ಕಣೇ” ಎಂದಳು ಅಜ್ಜಿ.

ದಾಕ್ಷಿ ಬೆಚ್ಚಿ ತಲೆಯೆತ್ತಿದಳು. “ಆಗ್ಲೇನಾ?”

ಗೀತಾ ಮಿಸ್ ಹೇಳಿದ ಮಾತು ತಪ್ಪುವವರಲ್ಲ. ದಾಕ್ಷಿ ಹಿಂದಿನ ಸಾಲಿನ ಮೂಲೆಗೆ ಹೋದಳು. ಅವಳ ಜಾಗಕ್ಕೆ ದಿವ್ಯಾ ಬಂದಳು. ಅಂದು ಸಂಜೆ ದಾಕ್ಷಿ ಕೊಂಚ ಅತ್ತಳು. ಬೆಳಗಾದರೆ ಮಾತ್ರ, ಬಿಸಿಲು ಕಿಟಕಿಗೆ ಬರುವ ಮೊದಲೇ ಚಾಪೆ ಹಾಸಿ ಕಾಯುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ಅಜ್ಜಿ ತುಂಬಿದ ತಾಮ್ರದ ಬಿಂದಿಗೆಯನ್ನು ಎಡಗೈಯಲ್ಲೇ ಎತ್ತಿ ತೋರಿಸಿದಳು. “ನೋಡ್ದಾ? ಡಾಕ್ಟ್ರು ಕೈ ಸರಿಯಾಗೈತೆ ಅಂದ್ರು. ಇನ್ನು ನಿನ್ನ ಆಸರೆ ಬ್ಯಾಡ ಬಂಗಾರು. ನಾಳೆಯಿಂದ ಹೊತ್ತಿಗೆ ಸರಿಯಾಗಿ ಡ್ಯಾನ್ಸಿಗೆ ಹೋಗು.”

ಸ್ಕೂಲಿನಲ್ಲಿ ಮಿಸ್ ಕೂಡ ಹೇಳಿದರು, “ಬೇಗ ಬರ್ತೀಯಾ ಅಂದ್ರೆ ಮುಂದಿನ ಸಾಲು ಮತ್ತೆ ನಿಂದೇ.”

ಮರುದಿನ ಬೆಳಿಗ್ಗೆ ಅಜ್ಜಿ ಪೂಜೆಗೆ ಅಣಿ ಮಾಡಿಕೊಳ್ಳುತ್ತಿದ್ದಳು. ದಾಕ್ಷಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಪಕ್ಕದಲ್ಲಿ ಕೂತಳು.

“ಹೇಳಿದ್ನಲ್ಲೇ, ಕೈ ನೆಟ್ಟಗೈತೆ ಅಂತ.”

“ನಿನ್ನ ಕೈ ನೆಟ್ಟಗೈತೆ. ನಂದಿನ್ನೂ ಅಲ್ಲಾಡ್ತೈತೆ.” ದಾಕ್ಷಿ ತನ್ನ ಎಡಗೈ ಚಾಚಿದಳು. “ಮೊದ್ಲು ನಂದು. ನೀನು ಕೆಳಗೆ ಹಿಡ್ಕೋ.”

“ಬರೀ ಅಂಗೈ ಅಲ್ವೇನೇ? ನಿಂಗಿನ್ನೂ ಲಿಂಗ ಕಟ್ಟಿಸಿಲ್ಲ.”

“ಇರ್ಲಿ ಅಜ್ಜಿ. ಕಟ್ಟಿಸೋವರೆಗೂ ಹಿಂಗೇ ಕೂತ್ಕೋತೀನಿ.”

ಅಜ್ಜಿ ಒಂದು ಬಿಲ್ವಪತ್ರೆ ತೆಗೆದು ಆ ಪುಟ್ಟ ಅಂಗೈ ಮೇಲಿಟ್ಟು, ಕೆಳಗೆ ತನ್ನ ಕೈ ಕೊಟ್ಟಳು. ಬಿಸಿಲು ಬಂದು ಎಲೆಯ ಮೇಲೆ ಕೂತಿತು.

ಹೊರಗೆ ಹಾರ್ನ್ ಕೂಗಿತು. ಅವ್ವ ಬಾಗಿಲಲ್ಲಿ ಇಣುಕಿದಳು. “ದಾಕ್ಷೀ, ಆಯ್ತಾ?”

ದಾಕ್ಷಿ ಮಾತಾಡಲಿಲ್ಲ. ಎಡ ಹುಬ್ಬನ್ನು ಸ್ವಲ್ಪ ಮೇಲೆತ್ತಿದಳು, ಅಷ್ಟೆ.