ಕಂಡಕ್ಟ್ರಮ್ಮನ ಫ್ಲಾಸ್ಕು

ಕಂಡಕ್ಟ್ರಮ್ಮನ ಮಾತು ಅರ್ಧಕ್ಕೇ ನಿಂತಿತು.

"ಮೊದ್ಲು ನಾನು ಟಿಕೆಟ್ ಕೊಡೋಕೆ ಹೊರಟ್ರೆ ನಿಂತಿರೋ ಜನ ಬಸ್ಸಿಂದ ಇಳಿದು ದಾರಿ ಬಿಡ್ಬೇಕಿತ್ತು. ಈಗ ನೋಡಿ, ಹಿಂದಿನ ಬಾಗ್ಲಿಂದ ಮುಂದಿನ ಬಾಗ್ಲಿಗೆ ಹಾವಿನ ಥರ ಹರ್ಕೊಂಡ್ ಹೋಗ್ತೀನಿ—" ಎನ್ನುತ್ತ ಎದ್ದು ಸೊಂಟ ಬಳುಕಿಸಿ ತೋರಿಸಿದ್ದಳು. ಸುತ್ತ ಕೂತವರೆಲ್ಲ ನಕ್ಕಿದ್ದರು. ಸಭೆಯ ವಿರಾಮ ಮುಗಿದಾಗಿನಿಂದ ಅವಳದು ಹೀಗೇ. ಒಂದು ಮಾತು, ಫ್ಲಾಸ್ಕಿನಿಂದ ಒಂದು ಗುಟುಕು. ಮತ್ತೊಂದು ಮಾತು, ಮತ್ತೊಂದು ಗುಟುಕು.

ಇದ್ದಕ್ಕಿದ್ದಂತೆ ಅವಳ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು. ಹಣೆಯಲ್ಲಿ ಬೆವರು ಒಡೆಯಿತು. ಒಂದು ಕೈ ಎದೆಗೆ ಹೋಯಿತು, ಇನ್ನೊಂದು ಹೊಟ್ಟೆಗೆ.

"ಎದೆ... ಎದೆ ಬಡ್ಕೊತಿದೆ ಕಣ್ರೀ..."

ಅಷ್ಟೇ. ಮುಗ್ಗರಿಸಿ ಬಿದ್ದಳು. ಪಕ್ಕದ ಮೇಜಿನ ಅಂಚು ಹಣೆಗೆ ಬಡಿದ ಸದ್ದಿಗೆ ಎಲ್ಲರೂ ಎದ್ದು ನಿಂತರು. ನೆಲದ ಮೇಲೆ ರಕ್ತ.

"ಕಾಲು ಮೇಲೆತ್ತಿ! ಗಾಳಿ ಬಿಡಿ!" ಎಂದು ನರ್ಸಮ್ಮ ನುಗ್ಗಿದರು. ಯಾರೋ ಲೋಟದ ತುಂಬ ನೀರು ತಂದರು. "ಈಗ ನೀರು ಬೇಡ, ಆಚೆ ತಗೊಳ್ಳಿ!" ಎಂದು ನರ್ಸಮ್ಮ ಕೈ ತಳ್ಳಿದರು. ಹಿಂದೆ ನಿಂತಿದ್ದ ಹಸಿರು ಶಾಲಿನ ಹೆಂಗಸು ಆ ಲೋಟ ಇಸಿದುಕೊಂಡು ಒಂದೇ ಉಸಿರಿಗೆ ಬರಿದು ಮಾಡಿ, "ನಂಗೂ ತಲೆ ಸುತ್ತುತ್ತಿದೆ. ಅವ್ರು ಕೊಟ್ಟಿದ್ದನ್ನ ನಾನೂ ಕುಡ್ದಿದ್ದೆ" ಎಂದು ಕುರ್ಚಿಯಲ್ಲಿ ಕುಸಿದು ಕೂತಳು.

ಡಾಕ್ಟರು ಬಂದು ಕಂಡಕ್ಟ್ರಮ್ಮನನ್ನು ಪಕ್ಕದ ಕೋಣೆಗೆ ಸಾಗಿಸಿದರು. ನರ್ಸಮ್ಮ ಫ್ಲಾಸ್ಕನ್ನು ಬಟ್ಟಲಿಗೆ ಬಗ್ಗಿಸಿದರು. ಕೊನೆಯಲ್ಲಿ ಬಿದ್ದದ್ದು ಮಂದವಾದ ಪಾಕ. ಬೆರಳು ಅದ್ದಿ ಉಜ್ಜಿ ನೋಡಿದರು. ಬೆರಳಿಗೆ ಬೆರಳು ಅಂಟಿತು.

"ಸಕ್ಕರೆ," ಎಂದರು. "ಯಾರೋ ಬೇಕೂ ಅಂತ ಸುರಿದಿದ್ದಾರೆ."



ಬೇರೆ ಯಾರ ಪಾನೀಯಕ್ಕೆ ಸಕ್ಕರೆ ಬಿದ್ದರೂ ಅದು ತಮಾಷೆ. ಇವರಿಗಲ್ಲ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರ ಕೂಟ ಇದು. ಕಂಡಕ್ಟ್ರಮ್ಮನಿಗೆ ಹೊಟ್ಟೆಯನ್ನು ಮೊಟ್ಟೆಯಷ್ಟು ಮಾಡಿ, ಕರುಳಿಗೆ ಹೊಸ ದಾರಿ ಜೋಡಿಸಿದ್ದರು. ಅಂಥವರ ಒಳಗೆ ಸಕ್ಕರೆ ಹೋದರೆ ಅದು ನೇರ ಕರುಳಿಗೆ ಧುಮುಕುತ್ತದೆ. ಎದೆ ಡವಗುಟ್ಟುತ್ತದೆ, ಹೊಟ್ಟೆ ಕೆಟ್ಟು ಭೇದಿಯಾಗುತ್ತದೆ, ಮೈ ಬೆವರಿ ಕಣ್ಣು ಕತ್ತಲಿಡುತ್ತದೆ. ಈ ಸಂಗತಿ ಕೂಟದಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲ.

ದೊಡ್ಡ ಡಾಕ್ಟರು ಕೆಂಡದಂಥ ಮುಖ ಹೊತ್ತು ಬಂದರು. "ಇವತ್ತಿಂದ ಈ ಸಭೆ ಬಂದ್. ನಿಮ್ಮಲ್ಲೇ ಒಬ್ಬರಿಗೊಬ್ಬರು ವಿಷ ಹಾಕ್ಕೊಳ್ಳೋದಕ್ಕೆ ನಾನು ಜಾಗ ಕೊಡ್ಬೇಕಾ?"

"ಸಾರ್, ಇವ್ರಿಗೆ ಇರೋದು ಇದೊಂದೇ ಜಾಗ," ಎಂದರು ನರ್ಸಮ್ಮ. ಏಳು ವರ್ಷದಿಂದ ಕೂಟವನ್ನು ನಡೆಸಿಕೊಂಡು ಬಂದವರು ಅವರೇ. ಕೈಯಿಲ್ಲದ ಅಗಲ ಕುರ್ಚಿಗಳನ್ನು ಜಗಳವಾಡಿ ತರಿಸಿದವರು. ಇಲ್ಲಿ ಯಾರೂ ಯಾರ ತೂಕವನ್ನೂ ಕೇಳಬಾರದು, ಇಲ್ಲಿ ಆಡಿದ ಮಾತು ಹೊಸಿಲು ದಾಟಬಾರದು ಎಂದು ಕಟ್ಟು ಮಾಡಿದವರು.

"ಸಾರ್, ಅವಳ ಹೊಲಿಗೆ ಮುಗಿಯೋ ತನಕ ಟೈಮ್ ಕೊಡಿ. ಯಾರು ಅಂತ ನಾನು ಹೇಳ್ತೀನಿ," ಎಂದು ಒಂದು ಗಡಸು ದನಿ ಕೇಳಿತು.

ದಫೇದಾರಮ್ಮ. ಮೂವತ್ತು ವರ್ಷ ಪೊಲೀಸ್ ಠಾಣೆಯಲ್ಲಿ ದುಡಿದು ನಿವೃತ್ತಿಯಾದ ಹೆಂಗಸು. ಮೂಗಿನ ತುದಿಯಲ್ಲೇ ಸಿಟ್ಟು. ಆಪರೇಷನ್ ಆಗಿ ಎರಡು ವರ್ಷವಾದ ಮೇಲೆ, ಇಳಿದ ತೂಕ ಮೆಲ್ಲಗೆ ಹಿಂದಿರುಗುತ್ತಿದ್ದ ದುಃಖ ಬೇರೆ. ಅವರ ಕಣ್ಣೆದುರೇ ಕಂಡಕ್ಟ್ರಮ್ಮ ತಿಂಗಳಿಂದ ತಿಂಗಳಿಗೆ ಬಳ್ಳಿಯಾಗುತ್ತಿದ್ದಳು. ಈಗ ಅವಳು ಬಿದ್ದಾಗ ದಫೇದಾರಮ್ಮನ ಎದೆಯ ಒಂದು ಮೂಲೆ ಕ್ಷಣಕಾಲ ತಣ್ಣಗಾಗಿತ್ತು. ಅದು ನೆನಪಾಗಿ ಅವರಿಗೆ ತಮ್ಮ ಮೇಲೇ ಮೈಯೆಲ್ಲ ಉರಿಯುತ್ತಿತ್ತು.

"ಯಾರೂ ಜಾಗ ಬಿಟ್ಟು ಅಲ್ಲಾಡ್ಕೂಡದು," ಎಂದು ಗದರಿದರು. "ನರ್ಸಮ್ಮ, ಫ್ಲಾಸ್ಕಲ್ಲಿ ಏನಿತ್ತು?"

"ಪ್ರೋಟೀನ್ ಪುಡಿ ಕಲಸಿದ ನೀರು."

"ಸಕ್ಕರೆ ಬಿದ್ರೆ ಬಾಯಿಗೆ ಗೊತ್ತಾಗಲ್ವಾ?"

"ಆ ಪುಡಿಯೇ ಸಿಹಿ. ಆದ್ರೆ ಸಕ್ಕರೆಯ ಸಿಹಿಯಲ್ಲ. ಹಾಗಾಗಿ ಅವಳಿಗೆ ಅನುಮಾನ ಬಂದಿರಲ್ಲ."

"ಹಾಕಿದ್ದು ಯಾವಾಗ?"

"ವಿರಾಮದಲ್ಲೇ. ಅದಕ್ಕೂ ಮುಂಚೆ ಅದೇ ಫ್ಲಾಸ್ಕಿಂದ ಕುಡಿದು ಚೆನ್ನಾಗೇ ಇದ್ಳು."

ವಿರಾಮದಲ್ಲಿ ಎಲ್ಲರೂ ಬಟ್ಟೆಯ ಮೇಜಿಗೆ ಮುತ್ತುವುದು ವಾಡಿಕೆ. ಮೈ ಇಳಿದಂತೆ ದೊಗಳೆಯಾದ ಬಟ್ಟೆಯನ್ನು ಇಲ್ಲಿ ಬಿಟ್ಟು, ಮುಂದಿನ ಅಳತೆಯದನ್ನು ಆರಿಸಿಕೊಳ್ಳುತ್ತಾರೆ. ಹಾಗೆ ಎಲ್ಲರೂ ಎದ್ದಾಗ ಕುರ್ಚಿಯಲ್ಲೇ ಉಳಿದವರು ಇಬ್ಬರು. ಕಂಡಕ್ಟ್ರಮ್ಮ ಫ್ಲಾಸ್ಕು ಬಿಟ್ಟು ಹೋದ ಕುರ್ಚಿಯ ಎಡಕ್ಕೆ ಡ್ರಾಯಿಂಗ್ ಮೇಷ್ಟ್ರು, ಬಲಕ್ಕೆ ಹಸಿರು ಶಾಲಿನಾಕೆ.

ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ನೆಟ್ಟಿತು. ಅದಕ್ಕೆ ಕಾರಣವಿತ್ತು. ಈ ಆಸ್ಪತ್ರೆಯಲ್ಲಿ ಮೊದಲು ಆಪರೇಷನ್ ಮಾಡಿಸಿಕೊಂಡವರು ಅವರು. ಕೂಟದಲ್ಲಿ ಅವರ ಹೆಸರೇ ನಂಬರ್ ಒನ್. ಹೊಸಬರು ಹೆದರಿ ಅತ್ತರೆ ಸಮಾಧಾನ ಹೇಳುವ ಹೊಣೆ ಇಷ್ಟು ದಿನ ಅವರದು. ಇವತ್ತು ನರ್ಸಮ್ಮ ಆ ಹೊಣೆಯನ್ನು ಎಲ್ಲರೆದುರು ಕಂಡಕ್ಟ್ರಮ್ಮನಿಗೆ ವಹಿಸಿದ್ದರು.

"ಮೇಷ್ಟ್ರೇ, ವಿರಾಮದಲ್ಲಿ ಯಾಕೆ ಏಳ್ಲಿಲ್ಲ?"

"ನನ್ನ ಅಳತೆ ಬಟ್ಟೆ ಆ ಮೇಜಲ್ಲಿ ಇರಲ್ಲಮ್ಮ. ನಂದು ಈಗ ಹಿಂದಕ್ಕೆ ಹೋಗ್ತಿರೋ ಅಳತೆ."

"ಅವಳ ಮೇಲೆ ಹೊಟ್ಟೆ ಉರಿ ಇತ್ತೋ ಇಲ್ವೋ?"

"ಇತ್ತು." ಮೇಷ್ಟ್ರು ತಲೆ ತಗ್ಗಿಸಿದರು. "ಹೊಟ್ಟೇನ ಕತ್ತರಿಸಿ ತೆಗೆದ್ರು. ಹೊಟ್ಟೆಕಿಚ್ಚನ್ನ ಡಾಕ್ಟ್ರು ಒಳಗೇ ಬಿಟ್ಟು ಹೊಲಿದ್ರು ಅನ್ಸುತ್ತೆ."



"ಜೇಬು ತೋರ್ಸಿ."

"ಬೇಡ ದಫೇದಾರಮ್ಮ..."

"ತೋರ್ಸ್ರೀ ಅಂದೆ!"

ಜೇಬು ಹೊರಗೆಳೆದರು. ಚಾಕೊಲೇಟಿನ ಕಾಗದಗಳು ಒಂದರ ಹಿಂದೊಂದು ನೆಲಕ್ಕುದುರಿದವು. ಗುಂಪಿನಲ್ಲಿ ಗುಸುಗುಸು ಎದ್ದಿತು. "ನೋಡಿದ್ರಾ! ಸಿಹಿ ಇಟ್ಕೊಂಡೇ ಬಂದಿದ್ದಾರೆ!"

ಮೇಷ್ಟ್ರ ಕಣ್ಣಲ್ಲಿ ನೀರು. "ಅವಳ ಫ್ಲಾಸ್ಕಿಗಲ್ಲ, ನನ್ನ ಬಾಯಿಗೆ. ನನಗೆ ಮಾಡಿರೋದು ಬೇರೆ ಆಪರೇಷನ್, ಸಿಹಿ ತಿಂದ್ರೂ ಬೀಳಲ್ಲ. ಅದೇ ನನ್ನ ಕರ್ಮ. ಹೆಂಡ್ತಿಗೂ ಹೇಳಿಲ್ಲ. ಇವತ್ತು ಇಲ್ಲಿ ಹೇಳೋಣ ಅಂತ ಬಂದೆ. ಅವಳ ನಗು ನೋಡಿ ಬಾಯಿ ಬರ್ಲಿಲ್ಲ."

ದಫೇದಾರಮ್ಮ ಆ ಕಾಗದಗಳನ್ನೇ ನೋಡುತ್ತ ನಿಂತರು. ಮುದುಡಿ ಮುದುಡಿ ಒತ್ತಿದ್ದ ಕಾಗದಗಳು. ಅಡಗಿಸಿ ತಿನ್ನುವವರು ಹಾಗೇ ಒತ್ತುವುದು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಫ್ಲಾಸ್ಕಿನ ಹತ್ರ ಬೇರೆ ಯಾರಾದ್ರೂ ಬಂದ್ರಾ?"

"ನಾನು ನೆಲ ನೋಡ್ತಾ ಕೂತಿದ್ದೆ. ಯಾರನ್ನೂ ಕಾಣೆ."

ದಫೇದಾರಮ್ಮ ಹಸಿರು ಶಾಲಿನಾಕೆಯ ಕಡೆ ತಿರುಗಿದರು. ಅವಳದು ದೊಡ್ಡ ಮೈ. ಅದನ್ನೆಲ್ಲ ಶಾಲಿನೊಳಗೆ ಸುತ್ತಿಕೊಂಡು ಮುದುರಿ ಕೂತಿದ್ದಳು.

"ಈಗ ಹೇಗಿದ್ದೀಯಮ್ಮ?"

"ಪರ್ವಾಗಿಲ್ಲ ಅಕ್ಕ. ಒಂದು ಮುಚ್ಚಳ ಕೊಟ್ಟಿದ್ರು, ಅಷ್ಟೇ ಕುಡ್ದಿದ್ದು. ಅದಕ್ಕೇ ಎದೆ ಬಡ್ಕೊಂಡ್ಬಿಡ್ತು."

"ಆಪರೇಷನ್ ಎಲ್ಲಿ ಆಯ್ತು ಅಂದಿದ್ದೆ?"

"ಬೇರೆ ಊರಲ್ಲಿ. ಮೂರು ತಿಂಗ್ಳಾಯ್ತು. ಅವ್ರಿಗೆ ಮಾಡಿದ ಥರದ್ದೇ."

"ವಿರಾಮದಲ್ಲಿ ಯಾಕೆ ಎದ್ದಿಲ್ಲ?"

"ಕಾಲು ನೋವಿತ್ತು. ಪಾಪ, ಮೇಷ್ಟ್ರು ಹೀಗೆ ಮಾಡ್ಬಾರ್ದಿತ್ತು," ಎಂದು ಶಾಲಿನ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮೇಷ್ಟ್ರು ಮಾಡಿದ್ರು ಅಂತ ನಾನು ಹೇಳಿದ್ನಾ?"

"ಅಲ್ಲ... ಎಲ್ರೂ ಹೇಳ್ತಿದ್ರಲ್ಲ..."

ದಫೇದಾರಮ್ಮ ಹೊರಗೆ ಕುಡಿಯುವ ನೀರಿನ ನಲ್ಲಿಗೆ ಹೋದರು. ತನಿಖೆಯ ಬಿಸಿಗೆ ಗಂಟಲು ಒಣಗಿತ್ತು. ಸಿಟ್ಟಿನಲ್ಲಿ ದೊಡ್ಡದೊಂದು ಗುಟುಕು ನುಂಗಿದರು. ನುಂಗಿದ್ದೇ ಎದೆಯ ನಡುವೆ ಗೂಟ ಹೊಡೆದಂತಾಯಿತು. ಕಣ್ಣಲ್ಲಿ ನೀರು ಬಂತು. ಗೋಡೆ ಹಿಡಿದು ನಿಂತು, ಆ ಗುಟುಕು ಕೆಳಗಿಳಿಯುವವರೆಗೂ ಕಾದರು. ಎರಡು ವರ್ಷವಾದರೂ ಈ ಪುಟ್ಟ ಹೊಟ್ಟೆ ಆತುರವನ್ನು ಕ್ಷಮಿಸುತ್ತಿರಲಿಲ್ಲ.

ಗೋಡೆ ಹಿಡಿದ ಕೈ ಹಾಗೇ ನಿಂತುಹೋಯಿತು.

ಅಲ್ಲಿಂದ ನೇರ ಪಕ್ಕದ ಕೋಣೆಗೆ ಹೋದರು. ಕಂಡಕ್ಟ್ರಮ್ಮ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಎದ್ದು ಕೂತಿದ್ದಳು.

"ಅಕ್ಕ, ನಾನು ಸತ್ತೆ ಅಂತ ಸಿಹಿ ಹಂಚಿಬಿಟ್ರಾ?"

"ಬಾಯಿಗೇನೂ ಆಗಿಲ್ಲ ನಿಂಗೆ. ಕೇಳಿದ್ದಕ್ಕೆ ಉತ್ತರ ಹೇಳು. ಆ ಹಸಿರು ಶಾಲಿನವಳು ನಿನ್ನ ಪಕ್ಕಾನೇ ಯಾಕೆ ಕೂರ್ತಾಳೆ?"

"ಯಾರಿಗೆ ಗೊತ್ತು? ಹೋದ ಸಲಾನೂ ನನ್ನ ಪಕ್ಕಾನೇ ಕೂತಿದ್ಳು."

"ನಿನ್ನ ಹತ್ರ ಏನು ಕೇಳ್ತಾಳೆ? ಊಟದ್ದಾ, ಮಾತ್ರೇದಾ?"

ಕಂಡಕ್ಟ್ರಮ್ಮ ಹುಬ್ಬುಗಂಟಿಕ್ಕಿದಳು. "ಅದೇ ವಿಚಿತ್ರ ಅಕ್ಕ. ಅದೊಂದೂ ಕೇಳಲ್ಲ. ನಿಮ್ಮ ಬಸ್ಸಿಗೆ ದಿನಾ ಒಬ್ನೇ ಡ್ರೈವರ್ರಾ? ಊಟ ಒಟ್ಟಿಗೆ ಮಾಡ್ತೀರಾ? ನೀವು ಸಣ್ಣಗಾಗಿದ್ದಕ್ಕೆ ಅವ್ರೇನಂದ್ರು? ಬರೀ ಇಂಥದ್ದೇ."

"ಏಳು. ನಡಿಯೋಕಾಗುತ್ತಾ? ಬಾ."

ಸಭಾಂಗಣದಲ್ಲಿ ಎಲ್ಲರೂ ಕುಳಿತಿದ್ದರು. ದೊಡ್ಡ ಡಾಕ್ಟರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ದಫೇದಾರಮ್ಮ ಒಂದು ಲೋಟದ ತುಂಬ ನೀರು ತಂದು ನಡುವಿನ ಸ್ಟೂಲಿನ ಮೇಲಿಟ್ಟರು.

"ಇದನ್ನ ಒಂದೇ ಉಸಿರಿಗೆ ಯಾರು ಕುಡೀತೀರಿ? ಆಪರೇಷನ್ ಆಗಿ ಮೂರು ತಿಂಗಳಾಗಿರೋರು ಕೈಯೆತ್ತಿ."

ಯಾರೂ ಎತ್ತಲಿಲ್ಲ. "ನಮ್ಮನ್ನ ಸಾಯಿಸ್ತೀರಾ?" ಎಂದಿತು ಒಂದು ದನಿ.

"ಅದೇ ನೋಡಿ. ನಮ್ಮ ಹೊಟ್ಟೆಗೆ ನೀರು ಗುಟುಕು ಗುಟುಕಾಗೇ ಇಳೀಬೇಕು. ಅವಸರಕ್ಕೆ ಸುರಿದ್ರೆ ಎದೇಲಿ ಸಿಕ್ಕಿ ವಾಪಸ್ ಬರುತ್ತೆ. ಇದನ್ನ ನಮಗೆ ಯಾರೂ ನೆನಪು ಮಾಡ್ಬೇಕಾಗಿಲ್ಲ, ಗಂಟಲೇ ಮಾಡುತ್ತೆ." ಅವರು ಹಸಿರು ಶಾಲಿನಾಕೆಯ ಎದುರು ಹೋಗಿ ನಿಂತರು. "ಆದ್ರೆ ಕಂಡಕ್ಟ್ರಮ್ಮ ಬಿದ್ದಾಗ ತಂದ ನೀರನ್ನ ನೀನು ಗಟಗಟ ಅಂತ ಒಂದೇ ಸಲಕ್ಕೆ ಖಾಲಿ ಮಾಡಿದೆ. ತೇಗೂ ಬರ್ಲಿಲ್ಲ. ನಾವೆಲ್ಲ ನೋಡಿದ್ವಿ. ನೋಡಿಯೂ ಕಾಣ್ಲಿಲ್ಲ. ಎಲ್ಲರ ಗಮನ ನೆಲದ ಮೇಲಿದ್ದೋಳ ಕಡೆ ಇತ್ತು."

ಹಸಿರು ಶಾಲು ಅಲುಗಿತು. "ಬಾಯಾರಿಕೆ ಆಗಿತ್ತು..."

"ಬಾಯಾರಿಕೆ ನಮಗಾಗಲ್ವಾ? ನಿನಗೆ ಆಪರೇಷನ್ನೇ ಆಗಿಲ್ಲ. ಆಪರೇಷನ್ ಯೋಚನೆಯಲ್ಲಿರೋರಿಗೆ ಮಧ್ಯಾಹ್ನ ಬೇರೆ ಸಭೆ ಇದೆ, ಅಲ್ಲಿಗೆ ಹೋಗ್ಬಹುದಿತ್ತು. ಹೋಗ್ಲಿಲ್ಲ. ಕಂಡಕ್ಟ್ರಮ್ಮ ಬರೋದು ಬೆಳಗಿನ ಸಭೆಗೆ. ಅದಕ್ಕೇ ಸುಳ್ಳು ಹೇಳಿ ಒಳಗೆ ಬಂದೆ. ಇಲ್ಲಿ ಯಾರ ಹತ್ರಾನೂ ಕಾಗದ ಪತ್ರ ಕೇಳಲ್ವಲ್ಲ. ಸಕ್ಕರೆ ನಮಗೇನು ಮಾಡುತ್ತೆ ಅಂತ ನಮ್ಮ ಬಾಯಿಂದಲೇ ಕಲಿತೆ. ಅವಳು ಪ್ರೀತಿಯಿಂದ ಕೊಟ್ಟ ಮುಚ್ಚಳ ಕುಡಿದೆ, ಯಾಕಂದ್ರೆ ನಿನಗೇನೂ ಆಗಲ್ಲ ಅಂತ ಗೊತ್ತಿತ್ತು. ಆಮೇಲೆ ತಲೆ ಸುತ್ತು ಅಂತ ನಾಟಕ! ಈಗ ಹೇಳು. ಅವಳ ಬಸ್ಸಿನ ಡ್ರೈವರು ನಿನಗೇನಾಗ್ಬೇಕು?"

ಶಾಲಿನೊಳಗಿನಿಂದ ಒಂದು ಸಣ್ಣ ದನಿ ಬಂತು.

"ಯಜಮಾನ್ರು."

"ಅಯ್ಯಯ್ಯೋ!" ಎಂದಳು ಕಂಡಕ್ಟ್ರಮ್ಮ.

ಹೆಂಗಸು ಮುಖ ಮೇಲೆತ್ತಿದಳು. ಕಣ್ಣುಗಳು ಉರಿಯುತ್ತಿದ್ದವು. "ದಿನಾ ರಾತ್ರಿ ಊಟಕ್ಕೆ ಕೂತ್ರೆ ಇವಳದೇ ಪುರಾಣ. ನಮ್ಮ ಕಂಡಕ್ಟರ್ ನೋಡು, ಹೇಗಾಗಿದಾಳೆ. ಮೆಟ್ಲು ಹತ್ತೋದು ನೋಡು. ಆಮೇಲೆ ನನ್ನ ತಟ್ಟೆ ನೋಡ್ತಾರೆ. ಬಾಯಲ್ಲಿ ಏನೂ ಅನ್ನಲ್ಲ. ಬರೀ ತಟ್ಟೆ ನೋಡ್ತಾರೆ. ಯಾವ ಮಾಯಾಂಗನೆ ಅಂತ ನೋಡೋಕೆ ಬಂದೆ. ಗ್ಲೂಕೋಸ್ ಪುಡಿ ಹಾಕಿದೆ. ಎಲ್ರೆದುರು ಬಟ್ಟೆ ಹಾಳು ಮಾಡ್ಕೊಂಡು ಅವಮಾನ ಪಡ್ಲಿ ಅಂತ ಹಾಕಿದೆ. ರಕ್ತ ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ವಂತೆ!" ದಫೇದಾರಮ್ಮ ಕಿಡಿಕಾರಿದರು. "ಆ ಏಟು ಕಣ್ಣಿಗೆ ಬಿದ್ದಿದ್ರೆ? ಮೇಷ್ಟ್ರ ಮೇಲೆ ಹೊರಿಸೋಕೂ ನೋಡ್ದೆ ನೀನು!" ಮೇಷ್ಟ್ರ ಕಡೆ ತಿರುಗಿ ದನಿ ಇಳಿಸಿದರು. "ಮೇಷ್ಟ್ರೇ, ಎಲ್ಲರೆದುರು ನಿಮ್ಮ ಜೇಬು ತೆಗೆಸಿದೆ. ತಪ್ಪಾಯ್ತು."

ಮೇಷ್ಟ್ರು ನೆಲದ ಕಾಗದಗಳನ್ನು ಹೆಕ್ಕಿದರು. "ಹೇಗೂ ತೆಗೀಬೇಕಿತ್ತು ಬಿಡಿ."

"ಸಭೆಯವರಲ್ಲ ಸಾರ್ ಮಾಡಿದ್ದು," ಎಂದರು ನರ್ಸಮ್ಮ ಬಾಗಿಲ ಕಡೆ ನೋಡಿ. ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಸಭೆ ನಡೀಲಿ. ಆದ್ರೆ ಒಳಗೆ ಯಾರು ಬರ್ತಾರೆ ಅಂತ ಇನ್ಮೇಲೆ ನೋಡಿ. ಪೊಲೀಸಿಗೆ ಕೊಡೋದು ಬಿಡೋದು ಪೆಟ್ಟು ತಿಂದವರಿಗೆ ಬಿಟ್ಟಿದ್ದು."

ಎಲ್ಲರೂ ಕಂಡಕ್ಟ್ರಮ್ಮನನ್ನು ನೋಡಿದರು. ಅವಳು ಸೊಂಟಕ್ಕೆ ಕೈಯಿಟ್ಟು ಆ ಹೆಂಗಸಿನ ಮುಂದೆ ಬಂದಳು. ಪಟ್ಟಿಯ ಕೆಳಗೆ ಹಣೆ ಊದಿತ್ತು.

"ನಿನ್ನ ಗಂಡ ನನ್ನ ಹೊಗಳ್ತಾನಾ? ನನ್ನೆದುರು ಏನಂತಾನೆ ಗೊತ್ತಾ? ನೀನು ಸಣ್ಣಗಾದ ಮೇಲೆ ಗಾಡಿ ಪಿಕಪ್ ಚೆನ್ನಾಗಿದೆ ಅಂತಾನೆ! ಅಂಥ ಮೂತಿಗಾಗಿ ನನ್ನ ಹಣೆ ಒಡೆಸ್ದೆಯಲ್ಲೇ! ಕಂಪ್ಲೇಂಟ್ ಕೊಡ್ತೀನೋ ಇಲ್ವೋ ನಾಳೆ ಸಂಜೆ ಹೇಳ್ತೀನಿ. ಅದಕ್ಕೆ ಮುಂಚೆ ನೀನು ನಾಳೆ ನನ್ನ ಬಸ್ಸಿಗೆ ಬರ್ಬೇಕು. ಇಡೀ ದಿನ ಕೂತು ನೋಡು. ಡ್ರೈವರ್ ಹಿಂದಿನ ಸೀಟು ನಿಂಗೆ. ನಾನು ಅವನ ಕಡೆ ಒಂದ್ಸಲ ಹಲ್ಲು ಬಿಟ್ಟಿದ್ದು ಕಂಡ್ರೆ ಚಪ್ಪಲಿ ತಗೊಂಡು ಹೊಡಿ. ಕಾಣ್ಲಿಲ್ಲ ಅಂದ್ರೆ, ಮನೆಗೆ ಹೋಗಿ ನನಗೆ ನೀನೇನು ಮಾಡ್ದೆ ಅಂತ ನಿನ್ನ ಬಾಯಿಂದಲೇ ಅವನಿಗೆ ಹೇಳು."

ಹೆಂಗಸಿನ ಕಣ್ಣಿನ ಉರಿ ಆರಿತು. ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸಿದಳು. ಏನೋ ಕೇಳಲು ಬಾಯಿ ತೆರೆದು ಮುಚ್ಚಿದಳು.

"ಏನೇ? ಬರೋಕೆ ಧೈರ್ಯ ಇಲ್ವಾ?"

"ಅದಲ್ಲ," ಎಂದಳು ಅವಳು, ತುಂಬ ಮೆಲ್ಲಗೆ. "ಆ ಸೀಟಲ್ಲಿ... ನಾನು ಹಿಡಿಸ್ತೀನಾ?"

ಕಂಡಕ್ಟ್ರಮ್ಮ ಸೊಂಟದ ಮೇಲಿನ ಕೈ ಇಳಿಸಿದಳು.

"ಹಿಡಿಸಲ್ಲ," ಎಂದಳು ಕೊನೆಗೆ. "ನಾನೂ ಹಿಡಿಸ್ತಿರ್ಲಿಲ್ಲ. ಹಿಂದಿನ ಉದ್ದ ಸೀಟಲ್ಲಿ ಕೂತ್ಕೋ. ಅಲ್ಲಿಂದಾನೂ ಎಲ್ಲ ಕಾಣುತ್ತೆ."